ತಿಳಿನೀಲಿ ಗೋಡೆ ಮತ್ತು ಅತ್ತೆಯ ಮೊಗೆಕಾಯಿ ಬೀಜ

ತನಗೆ ಗೊತ್ತಿಲ್ಲದ ಕೆಲಸದ ಬಗ್ಗೆ ಬರೆಯುವುದು ಬಹಳ ಸಲೀಸು. ಗೊತ್ತಿದ್ದವನಿಗೆ ಪ್ರತಿ ಸಾಲಿಗೂ ಒಂದು ಅನುಮಾನ ಅಡ್ಡ ಬರುತ್ತದೆ. ಗೊತ್ತಿಲ್ಲದವನ ಪೆನ್ನು ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನ ಹಾಗೆ ತಾನಾಗಿಯೇ ಓಡುತ್ತದೆ. ನಾನು ಕಾರವಾರದಲ್ಲಿ ವರದಿಗಾರನಾಗಿದ್ದ ವರ್ಷಗಳಲ್ಲಿ ಯಾಂತ್ರಿಕ ದೋಣಿಗಳ ಬಗ್ಗೆ, ಸಿಗಡಿ ಕೆರೆಗಳ ಬಗ್ಗೆ, ಅಳಿವೆಯಂಚಿನ ಗಜನಿ ಗದ್ದೆಗಳಿಗೆ ಉಪ್ಪುನೀರು ನುಗ್ಗುವುದರ ಬಗ್ಗೆ ಧಾರಾಳವಾಗಿ ಬರೆದಿದ್ದೇನೆ. ನಾನು ಗದಗಿನ ಕಡೆಯ ಬಯಲುಸೀಮೆಯವನು. ದೋಣಿಯಲ್ಲಿ ಕಾಲಿಟ್ಟರೆ ತಲೆ ಸುತ್ತುತ್ತದೆ. ಸಿಗಡಿಯನ್ನು ಸುಲಿದು ತಿನ್ನಬೇಕು ಎಂಬುದು ಅಂಕೋಲಾ ಕಡೆಯ ಹುಡುಗಿಯನ್ನು ಮದುವೆಯಾದ ಮೇಲೆ, ಮಾವನ ಮನೆಯ ಪಂಕ್ತಿಯಲ್ಲಿ, ಎಲ್ಲರೂ ನೋಡುತ್ತಿದ್ದಾಗ ತಿಳಿಯಿತು. ಆದರೂ ಓದುಗರು ಯಾರೂ ದೂರಿದ್ದಿಲ್ಲ. ಯಾರು, ಎಲ್ಲಿ, ಯಾವಾಗ, ಏಕೆ ಎಂಬುದನ್ನು ಸರಿಯಾಗಿ ಕೇಳಿ ಬರೆದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ ಎಂಬ ನಂಬಿಕೆಯಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿತ್ತು. ಆ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ನನ್ನದೇ ಮನೆಯ ಹಿತ್ತಲಿನಲ್ಲಿ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮ ಪತ್ರಿಕೆಯ ಹುಬ್ಬಳ್ಳಿ ಕಚೇರಿ ವಾರಕ್ಕೊಮ್ಮೆ ಮನೆ-ಮಂದಿಗಾಗಿ ಒಂದು ಪುರವಣಿ ತರಲು ಶುರು ಮಾಡಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ಒಂದು ದಿನ ಇಂಗ್ಲಿಷಿನ ಲೇಖನವೊಂದನ್ನು ಫ್ಯಾಕ್ಸ್ ಮಾಡಿ, ಹಿಂದೆಯೇ ಫೋನ್ ಮಾಡಿದರು. ಹಿತ್ತಲು ಅಂದವಾಗಿಯೂ ಇರಬೇಕು, ಮನೆಗೆ ತರಕಾರಿಯನ್ನೂ ಕೊಡಬೇಕು; ಅದಕ್ಕೆ ಏನೇನು ಹೊಸ ಉಪಾಯ ಮಾಡಬಹುದು ಎಂಬುದು ಲೇಖನದ ವಿಷಯ. “ಇದನ್ನ ನಮ್ಮ ಮಂದಿಗೆ ಹೊಂದೋ ಹಂಗ ಕನ್ನಡದಾಗ ಬರೀರಿ. ಮತ್ತ ಫೋಟೋ ಒಂದು ಬೇಕ್ರಿ. ಕಾರವಾರ ಅಂದ್ರ ಎಲ್ಲಾ ಹಸಿರ ಅಲ್ಲೇನ್ರಿ? ನಿಮ್ಮ ಮನಿ ಹಿತ್ತಲದ್ದ ತಗದು ಕಳಸ್ರಿ. ಬರದವಂದ ಹಿತ್ತಲ ಅಂದ್ರ ಓದೋರಿಗೆ ನಂಬಿಗಿ ಬರ್ತದ,” ಎಂದರು. ನನ್ನ ಹಿತ್ತಲು ಎಂಬ ಮಾತು ಕೇಳಲು ಹಿತವಾಗಿತ್ತು. ಆಗಲಿ ಎಂದೆ.

ಲೇಖನ ಯಾವುದೋ ಚಳಿದೇಶದಲ್ಲಿ ಕೂತು ಬರೆದದ್ದು. ಹಿಮ ಕರಗಿದ ಮೇಲೆ ಮಣ್ಣನ್ನು ಸಡಿಲಿಸಿ ಎಂದು ಮೊದಲ ಸಾಲಿನಲ್ಲೇ ಹೇಳಿತ್ತು. ಕಾರವಾರದ ಮೇ ತಿಂಗಳಲ್ಲಿ ಕರಗುವುದು ಡಬ್ಬಿಯಲ್ಲಿಟ್ಟ ಬೆಲ್ಲ ಮತ್ತು ಮನುಷ್ಯ ಮಾತ್ರ. ನಾನು ಹಿಮವನ್ನು ಹೊಡೆದು ಹಾಕಿ ‘ಮೊದಲ ಮಳೆ ಬಿದ್ದ ಮೇಲೆ’ ಎಂದು ಬರೆದೆ. ಹೆಸರು ಕೇಳದ ಸೊಪ್ಪುಗಳು ಬಂದಲ್ಲೆಲ್ಲ ಬಸಳೆ, ಹರಿವೆ ಹಾಕಿದೆ. ಹಳೆಯ ಟಯರಿಗೆ ಬಣ್ಣ ಬಳಿದು ಅದರಲ್ಲಿ ಗಿಡ ನೆಡಿ, ಖಾಲಿ ಬಾಟಲಿಗಳನ್ನು ತಲೆಕೆಳಗಾಗಿ ಹುಗಿದು ಪಾತಿಗೆ ಅಂಚು ಕಟ್ಟಿ, ಹಿತ್ತಲ ಗೋಡೆಗೆ ತಿಳಿಬಣ್ಣ ಹೊಡೆಸಿದರೆ ಹಸಿರು ಎದ್ದು ಕಾಣುತ್ತದೆ ಎಂಬ ಸಲಹೆಗಳಿದ್ದವು. ಇವುಗಳನ್ನು ತಿದ್ದುವ ಅಗತ್ಯ ಕಾಣಲಿಲ್ಲ. ಟಯರು, ಬಾಟಲಿ, ಗೋಡೆ ಎಲ್ಲ ದೇಶದಲ್ಲೂ ಒಂದೇ ಎಂದುಕೊಂಡೆ.

ಆಮೇಲೆ ಎದ್ದು ಹಿತ್ತಲ ಬಾಗಿಲಿಗೆ ಹೋಗಿ ನಿಂತೆ. ಕಾಜುಬಾಗದ ಆ ಹಂಚಿನ ಮನೆಗೆ ಮುಂದೆ ಅಂಗಳ ಇರಲಿಲ್ಲ, ಹಿಂದೆ ಮಾತ್ರ ಒಳ್ಳೆಯ ಜಾಗವಿತ್ತು. ಆ ಜಾಗಕ್ಕೆ ಯಜಮಾನಿ ನಮ್ಮ ಅತ್ತೆ. ಮಾವ ತೀರಿಕೊಂಡ ಮೇಲೆ ಅವರು ನಮ್ಮ ಜೊತೆಗೇ ಇದ್ದರು. ಬಚ್ಚಲ ನೀರು ಹರಿಯುವಲ್ಲಿ ಬಸಳೆ, ಅದು ಹಬ್ಬಲು ಹರಿದ ಮೀನುಬಲೆಯ ಚಪ್ಪರ. ಮೀನು ತೊಳೆದ ನೀರೆಲ್ಲ ತೆಂಗಿನ ಬುಡಕ್ಕೆ. ಹಾಗಾಗಿ ಬೆಳಗಿನ ಹೊತ್ತು ತೆಂಗಿನ ಬುಡದಲ್ಲಿ ಓಣಿಯ ಬೆಕ್ಕುಗಳೂ ಕಾಗೆಗಳೂ ಸೇರುತ್ತಿದ್ದವು. ಹರಿವೆಯ ನಡುವೆ ಅಬ್ಬಲಿಗೆ, ಅಬ್ಬಲಿಗೆಯ ನಡುವೆ ಮೆಣಸು, ಮೆಣಸಿನ ಮೈಮೇಲೆ ಹೀರೆ. ಯಾವುದಕ್ಕೂ ಸಾಲಿಲ್ಲ, ಅಂಚಿಲ್ಲ. ಹಿಂದೊಮ್ಮೆ ನಾನು, ಸ್ವಲ್ಪ ಸಾಲಾಗಿ ನೆಟ್ಟರೆ ಚೆಂದ ಅಲ್ಲವೇ ಎಂದು ಕೇಳಿದ್ದಕ್ಕೆ ಅತ್ತೆ, “ಗಿಡ ಎಂತ ಸಾಲೆ ಮಕ್ಕಳಾ, ಸಾಲಲ್ಲಿ ನಿಂತು ಪ್ರಾರ್ಥನೆ ಹೇಳೂಕೆ?” ಎಂದಿದ್ದರು. ಅಡಿಗೆಗೆ ಬೇಕಾದದ್ದು ಮಾತ್ರ ಆ ಗೊಂದಲದಿಂದ ದಿನವೂ ಬರುತ್ತಿತ್ತು. ಆದರೆ ಗೊಂದಲದ ಫೋಟೋ ತೆಗೆದು ಹುಬ್ಬಳ್ಳಿಗೆ ಕಳಿಸುವುದು ಹೇಗೆ?

ಅದೃಷ್ಟಕ್ಕೆ ಅತ್ತೆ ಆಗ ಅಂಕೋಲೆಯಲ್ಲಿ ತಂಗಿಯ ಮನೆಯ ಮದುವೆಗೆ ಹೋಗಿದ್ದರು. ನನ್ನ ಹೆಂಡತಿ ಶೈಲಾ ಶಾಲೆಯ ಟೀಚರು. ಬೇಸಿಗೆ ರಜೆ, ಅವಳೂ ಜೊತೆಗೆ ಹೋಗಿದ್ದಳು. ನಾನು ಸರ್ಕಾರ ಬೀಳಿಸಲು ಹೊರಟವನ ಹಾಗೆ ಗುಟ್ಟಾಗಿ ಕೆಲಸ ಶುರು ಮಾಡಿದೆ. ಪಂಕ್ಚರ್ ಅಂಗಡಿಯಿಂದ ಟಯರು ಬಂದವು. ಬಾಟಲಿಗಳಿಗೆ ಕಾರವಾರದಲ್ಲಿ ಎಂದೂ ಕೊರತೆ ಬಿದ್ದಿಲ್ಲ. ಅವನ್ನು ಹೊತ್ತು ತರುವಾಗ ಎದುರು ಮನೆಯವರು ನೋಡಿದ ರೀತಿಯನ್ನು ಮರೆಯಲು ಸ್ವಲ್ಪ ಕಾಲ ಬೇಕಾಯಿತು. ಗೋಡೆ ಬಳಿಯಲು ಮಾಬ್ಲು ಎಂಬ ಪೇಂಟರನ್ನು ಕರೆದೆ. ಅವನು ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, ಸೂರಿನ ಅಡಿಯಲ್ಲಿ ಅಂಗೈ ಅಗಲ ಅಂಟಿದ್ದ ನಾಲ್ಕಾರು ಒಣ ಸಗಣಿ ತಟ್ಟುಗಳನ್ನು ತೋರಿಸಿ, “ಇದ್ಕೆಂತ ಮಾಡೂದು ಸಾಹೇಬ್ರೆ? ಇಡೂದಾ, ಕೆರೆಯೂದಾ?” ಎಂದು ಕೇಳಿದ. ಆ ತಟ್ಟುಗಳನ್ನು ನಾನು ದಿನವೂ ಹಲ್ಲುಜ್ಜುವಾಗ ನೋಡುತ್ತಿದ್ದೆ. ಪಪ್ಪಾಯಿ ಮರಕ್ಕೆ ಹಳೆ ಚಪ್ಪಲಿ ಕಟ್ಟುವ ಹಾಗೆ, ದೃಷ್ಟಿ ತಾಗದಿರಲೆಂದು ಅತ್ತೆ ಮಾಡಿದ ಏನೋ ಒಂದು ಎಂದು ನನ್ನಷ್ಟಕ್ಕೆ ತೀರ್ಮಾನಿಸಿದ್ದೆ. ಒಂದು ಸಾವಿನ ಸುದ್ದಿಗೂ ಇಬ್ಬರನ್ನು ವಿಚಾರಿಸದೆ ಬರೆಯದ ಮನುಷ್ಯ ನಾನು. ಅವತ್ತು ಮಾತ್ರ ಯಾರನ್ನೂ ವಿಚಾರಿಸಲಿಲ್ಲ. “ಕೆರೆದು ಹಾಕು,” ಎಂದೆ. ಅವನು ಕೆರೆದದ್ದನ್ನು ತರಗೆಲೆಯ ಜೊತೆ ಗುಡಿಸಿ ಸುಟ್ಟ. ಸಂಜೆಯೊಳಗೆ ಗೋಡೆ ತಿಳಿನೀಲಿಯಾಯಿತು.

ಫೋಟೋ ತೆಗೆದು, ರೋಲನ್ನು ಲಕೋಟೆಗೆ ಹಾಕಿ, ಹುಬ್ಬಳ್ಳಿ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಬಂದೆ. ಆಗ ಹಾಗೇ ಇತ್ತು. ಬಸ್ಸು ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ ಸೇರುವ ತನಕ ವರದಿಗಾರನ ಜೀವ ಆ ಲಕೋಟೆಯಲ್ಲಿ ಇರುತ್ತಿತ್ತು. ಲೇಖನ ಅಚ್ಚಾಯಿತು. ಪುರವಣಿಯ ಆ ಪುಟ ಕಪ್ಪು-ಬಿಳುಪಿನದು ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ನನ್ನ ತಿಳಿನೀಲಿ ಗೋಡೆ, ಹಳದಿ ಟಯರು, ಹಸಿರು ಬಸಳೆ ಎಲ್ಲವೂ ಒಂದೇ ಬೂದಿಬಣ್ಣದಲ್ಲಿ ಬಂದು, ನೋಡಿದವರಿಗೆ ಮುಚ್ಚಿದ ಗ್ಯಾರೇಜಿನ ಚಿತ್ರದಂತೆ ಕಂಡಿತು.

ಅತ್ತೆ ಮತ್ತು ಶೈಲಾ ಮದುವೆ ಮುಗಿಸಿ ಬಂದದ್ದು ಅದರ ಮರುದಿನ. ನಾನು ಪತ್ರಿಕೆಯನ್ನು ಮೇಜಿನ ಮೇಲೆ ಕಾಣುವಂತೆ ಇಟ್ಟು ಕಾದಿದ್ದೆ. ಅತ್ತೆ ಅದರತ್ತ ನೋಡದೆ, ಕೈಕಾಲು ತೊಳೆಯಲು ನೇರ ಹಿಂದಕ್ಕೆ ಹೋದರು. ತಂಬಿಗೆ ನೆಲಕ್ಕೆ ಇಟ್ಟ ಸದ್ದಾಯಿತು. ನೀರು ಹೊಯ್ದ ಸದ್ದು ಮಾತ್ರ ಬರಲಿಲ್ಲ. ಹೋಗಿ ನೋಡಿದರೆ ಅವರು ಟಯರನ್ನೂ ನೋಡುತ್ತಿರಲಿಲ್ಲ, ಬಾಟಲಿಯನ್ನೂ ನೋಡುತ್ತಿರಲಿಲ್ಲ. ಸೂರಿನ ಅಡಿಗೆ ಕೈಯಿಟ್ಟು ಗೋಡೆಯನ್ನು ಸವರುತ್ತಿದ್ದರು.

“ಶೈಲಾ, ಇಲ್ಲಿ ಬೀಜ ಇತ್ತಲ್ಲೇ. ಎಲ್ಲಿ ಹೋತು?”

“ಯಾವ ಬೀಜ?” ಎಂದು ನಾನು ಕೇಳಿದೆ.

ಶೈಲಾ ನನ್ನ ಮುಖ ನೋಡಿದಳು. ತರಗತಿಯಲ್ಲಿ ಉತ್ತರ ಗೊತ್ತಿಲ್ಲದೆ ಕೈಯೆತ್ತಿದ ಹುಡುಗನನ್ನು ನೋಡುವ ಹಾಗೆ. ಅವಳು ನನಗೆ ವಿವರಿಸಿದ್ದು ಇಷ್ಟು. ಬಳ್ಳಿಯಲ್ಲಿ ಬಿಟ್ಟ ಒಳ್ಳೆಯ ಮೊಗೆಕಾಯಿಯನ್ನು, ಅದೇ ನಾವು ಸಾಂಬಾರಿಗೆ ಹಾಕುವ ಹಳದಿ ಪಟ್ಟೆಯ ದಪ್ಪ ಸವತೆಯನ್ನು, ಚೆನ್ನಾಗಿ ಹಣ್ಣಾಗಲು ಬಿಡುತ್ತಾರೆ. ಅದರ ಬೀಜವನ್ನು ತೊಳೆದು, ಬೂದಿ ಬೆರೆಸಿದ ಸಗಣಿಯಲ್ಲಿ ಕಲಸಿ, ರೊಟ್ಟಿಯ ಹಾಗೆ ಗೋಡೆಗೆ ಬಡಿಯುತ್ತಾರೆ. ಹುಳ ಹಿಡಿಯುವುದಿಲ್ಲ, ಇಲಿ ಮುಟ್ಟುವುದಿಲ್ಲ. ಮಳೆ ಬಂದಾಗ ಗೋಡೆಯಿಂದ ಕಿತ್ತು ಬಿತ್ತುತ್ತಾರೆ. ನಾನು ಕೆರೆಸಿ ಸುಡಿಸಿದ್ದು ದೃಷ್ಟಿಬೊಟ್ಟನ್ನಲ್ಲ, ಆ ವರ್ಷದ ಬಿತ್ತನೆಯನ್ನು.

“ಅಷ್ಟೇ ತಾನೆ? ಪೇಟೆಯಲ್ಲಿ ಬೀಜದ ಪ್ಯಾಕೆಟ್ ಸಿಗುತ್ತದಲ್ಲ,” ಎಂದೆ. ಅತ್ತೆ ಒಳಗೆ ಹೋದರು. “ನೀವು ಸ್ವಲ್ಪ ಹೊತ್ತು ಸುಮ್ಮನಿರ್ತ್ರಾ?” ಎಂದಳು ಶೈಲಾ.

ಅತ್ತೆಯ ಊರು ಈಗಿಲ್ಲ. ಕಾರವಾರಕ್ಕೂ ಅಂಕೋಲೆಗೂ ನಡುವೆ, ಸಮುದ್ರಕ್ಕೆ ಆತುಕೊಂಡಿದ್ದ ಊರು ಅದು, ನೌಕಾನೆಲೆಗೆ ಹೋಯಿತು. ಆ ಸುದ್ದಿಯನ್ನು ನಾನೇ ಎಷ್ಟೋ ಸಲ ಬರೆದಿದ್ದೆ: ಭೂಸ್ವಾಧೀನ, ಪುನರ್ವಸತಿ, ಪರಿಹಾರ. ಊರವರು ಹತ್ತು ಕಡೆ ಚದುರಿದರು. ಈಗ ಆ ಜಾಗದ ಸುತ್ತ ಎತ್ತರದ ಕಾಂಪೌಂಡು, ಅದರ ಮೇಲೆ ಮುಳ್ಳುತಂತಿ. ಬಸ್ಸು ಆ ಗೋಡೆಯ ಪಕ್ಕ ಹಾದುಹೋಗುವಾಗ ಅತ್ತೆ ಕಿಟಕಿಯಿಂದ ಹೊರಗೆ ನೋಡುತ್ತಿರಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಊರು ಬಿಡುವಾಗ ಲಾರಿಯಲ್ಲಿ ಪಾತ್ರೆ, ಬಾಗಿಲು, ಹಂಚು ಎಲ್ಲ ಬಂದವು. ಅತ್ತೆ ಅಡಿಗೆಮನೆಯ ಗೋಡೆಯಿಂದ ಮೊಗೆಬೀಜದ ತಟ್ಟು ಕಿತ್ತು ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದರು. ಅವರ ಅತ್ತೆಯ ಕಾಲದಿಂದ ಆ ಗದ್ದೆಯಲ್ಲೇ ಬೆಳೆದು ಬಂದ ತಳಿ. ಅಂದಿನಿಂದ ಪ್ರತಿ ವರ್ಷ ಬಿತ್ತಿ, ಬೆಳೆದು, ಚೌತಿಗೆ ಫಲಾವಳಿಯ ನಟ್ಟ ನಡುವೆ ಆ ಕಾಯಿಯನ್ನೇ ಕಟ್ಟುತ್ತಿದ್ದರು. ನಮ್ಮ ಕಡೆಯವರಿಗೆ ಫಲಾವಳಿ ಗೊತ್ತಿರಲಿಕ್ಕಿಲ್ಲ. ಗಣಪತಿಯ ತಲೆಯ ಮೇಲೆ ಮರದ ಚೌಕಟ್ಟು ತೂಗುಹಾಕಿ, ಅದಕ್ಕೆ ಹಿತ್ತಲಲ್ಲಿ ಬೆಳೆದ ಕಾಯಿ, ಹಣ್ಣು, ಗೊನೆ, ಸೊಪ್ಪು ಎಲ್ಲವನ್ನೂ ಕಟ್ಟುತ್ತಾರೆ. ಹಿತ್ತಲಿನಲ್ಲಿ ಇರದ ಸಾಲು, ಅಂಚು, ಬಣ್ಣದ ಲೆಕ್ಕಾಚಾರ ಎಲ್ಲ ಅಲ್ಲಿ ಇರುತ್ತದೆ. ಅಂದವೂ ಫಲವೂ ಒಟ್ಟಿಗಿರುವ ಹಿತ್ತಲಿಗೆ ಚಳಿದೇಶದಿಂದ ಉಪಾಯ ತರಿಸಿಕೊಂಡ ನಾನು, ಅದು ವರ್ಷವೂ ತಲೆಯ ಮೇಲೆ ತೂಗುತ್ತಿರುವಾಗಲೇ ಆರತಿ ತೆಗೆದುಕೊಂಡು ಹೊರಟುಬಿಡುತ್ತಿದ್ದೆ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು. ರಾತ್ರಿ ಊಟಕ್ಕೆ ಬಡಿಸುತ್ತ ಮಗಳಿಗೆ ಹೇಳಿದರು: “ಈ ಸಲ ಗಣಪನ ಮೇಲೆ ಊರಿನ ಕಾಯಿ ಇಲ್ಲ.” ಅಷ್ಟೆ. ಅವತ್ತಿನಿಂದ ನನ್ನೊಡನೆ ನೇರ ಮಾತು ನಿಂತಿತು. ನನಗೆ ತಲುಪಬೇಕಾದ್ದನ್ನು ಶೈಲಾಗೆ, ಅವಳಿಲ್ಲದಾಗ ಬೆಕ್ಕಿಗೆ, ಬೆಕ್ಕೂ ಇಲ್ಲದಾಗ ಗೋಡೆಗೆ ಹೇಳುತ್ತಿದ್ದರು. “ಮೀನು ಸಾರು ಆರ್ತದೆ. ಊಟ ಮಾಡೋರು ಮಾಡಬೌದು,” ಎಂದು ನೀಲಿ ಗೋಡೆಗೆ ಮುಖ ಮಾಡಿ ಹೇಳುವಾಗ ಗೋಡೆಗೇ ನಾಚಿಕೆಯಾಗುವಂತಿತ್ತು. ಮಾಬ್ಲುವನ್ನು ಹಿಡಿದು ಕೇಳಿದೆ, ನಿನಗಾದರೂ ಗೊತ್ತಿರಲಿಲ್ಲವೇ ಎಂದು. “ನಮ್ಮ ಮನೇಲೂ ಇಡ್ತ್ರು ಸಾಹೇಬ್ರೆ. ನಾನು ಕೇಳ್ದೆ, ನೀವು ಕೆರೆ ಅಂದ್ರಿ. ಪೇಪರಿನೋರು, ಎಲ್ಲಾ ಗೊತ್ತಿದ್ದೇ ಹೇಳ್ತ್ರು ಅಂತ ಮಾಡ್ದೆ,” ಎಂದ. ನನ್ನ ವೃತ್ತಿಯ ಮೇಲೆ ಜನರಿಗಿದ್ದ ವಿಶ್ವಾಸ ಅಂದು ಮೊದಲ ಸಲ ನನಗೆ ಭಾರವಾಯಿತು.

ಬೀಜವನ್ನು ಹುಡುಕಿ ತರುವುದು ಎಂದು ನಿಶ್ಚಯಿಸಿದೆ. ಕಾಣೆಯಾದ ದೋಣಿಗಳನ್ನು ಹುಡುಕಿದವನಿಗೆ ಇದೆಷ್ಟರ ಕೆಲಸ. ಊರು ಬಿಡುವ ಮುನ್ನ ಅತ್ತೆ ಯಾರಿಗೆಲ್ಲ ಬೀಜ ಕೊಟ್ಟಿದ್ದರು ಎಂದು ಶೈಲಾಳಿಂದ ತಿಳಿದು, ಸ್ಕೂಟರ್ ತೆಗೆದೆ. ಮೊದಲು ಹಿಲ್ಲೂರು. ಕಾಡಿನ ಅಂಚಿನಲ್ಲಿ ಅತ್ತೆಯ ತಮ್ಮನ ಮನೆ. ಆತ ನನ್ನನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು, “ಬೀಜ ಇತ್ತು ಅಳಿಯಾ. ನಾಕು ವರ್ಷ ನಾವು ತಿಂದ್ವು. ಆಮೇಲೆ ಮಂಗ ತಿಂತು. ಬೀಜಕ್ಕೆ ಬಿಟ್ಟ ಕಾಯೂ ಮಂಗಂದೇ ಆತು,” ಎಂದ. ಅಲ್ಲಿಂದ ಹಿಂತಿರುಗಿ, ಮರುದಿನ ಕಾಳಿ ಸೇತುವೆ ದಾಟಿ ಹಣಕೋಣ. ಅಲ್ಲಿ ಅತ್ತೆಯ ದೊಡ್ಡಪ್ಪನ ಮಗಳು ಪಾರ್ವತಕ್ಕ. ಆಕೆ ನನ್ನ ಕಥೆ ಪೂರ್ತಿ ಕೇಳಿ, ಸೆರಗು ಬಾಯಿಗೆ ಹಿಡಿದು ನಕ್ಕು, “ಗೋಡೆಗೆ ನೀಲಿ ಬಣ್ಣವಾ!” ಎಂದು ಇನ್ನೊಮ್ಮೆ ನಕ್ಕು, ಕೊನೆಗೆ ಗಂಭೀರವಾಗಿ ಹೇಳಿದರು: “ನಮ್ಮ ಬೀಜ ಹುಳ ಹಿಡ್ದು ಹೋತು. ಈಗ ಬೇಲೆಕೇರಿ ಹೊನ್ನಕ್ಕನ ಹತ್ರ ಮಾತ್ರ ಇರೂದು. ಆದ್ರೆ ನಿಮ್ಮ ಅತ್ತೆ ಅಲ್ಲಿ ಕಾಲು ಹಾಕೂದಿಲ್ಲ.”

ಹೊನ್ನಕ್ಕ ಹಳೆಯ ಊರಿನಲ್ಲಿ ಅತ್ತೆಯ ಪಕ್ಕದ ಮನೆಯಾಕೆ. ಹೊನ್ನಕ್ಕನ ಕೋಳಿಗಳು ಬೇಲಿ ನುಸುಳಿ ಅತ್ತೆಯ ಮೊಳಕೆ ಕೆದಕುತ್ತಿದ್ದವು. ಅತ್ತೆಯ ಮೊಗೆಬಳ್ಳಿ ಅದೇ ಬೇಲಿ ಹತ್ತಿ ಹೊನ್ನಕ್ಕನ ಕಡೆ ಕಾಯಿ ಬಿಡುತ್ತಿತ್ತು. ಕೋಳಿ ಯಾರದು, ಕಾಯಿ ಯಾರದು, ಬೇಲಿ ಯಾರದು ಎಂದು ಎರಡು ಮನೆಗಳೂ ವರ್ಷಗಟ್ಟಲೆ ಜಗಳವಾಡಿದ್ದವು. ಊರು ಬಿಡುವ ಹೊತ್ತಿಗೆ ಮಾತು ಪೂರ್ತಿ ನಿಂತಿತ್ತು. ಈಗ ಆ ಬೇಲಿಯಿಲ್ಲ, ಆ ಕೋಳಿಗಳಿಲ್ಲ, ಆ ನೆಲಕ್ಕೆ ಕಾಲಿಡಲು ಇಬ್ಬರಿಗೂ ಅಪ್ಪಣೆಯಿಲ್ಲ. ಜಗಳ ಮಾತ್ರ ಪುನರ್ವಸತಿ ಪಡೆದು ಸುಖವಾಗಿತ್ತು.

ಅತ್ತೆಗೆ ಹೇಳದೆ ಬೇಲೆಕೇರಿಗೆ ಹೋದೆ. ಅಲ್ಲಿನ ಬಂದರಿಗೆ ಹೊರಟ ಅದಿರು ಲಾರಿಗಳ ಹಿಂದೆ ಸ್ಕೂಟರ್ ಬಿಟ್ಟುಕೊಂಡು ಹೋದವನು ತಲುಪುವ ಹೊತ್ತಿಗೆ ಅದಿರಿನದೇ ಬಣ್ಣವಾಗಿದ್ದೆ. ಹೊನ್ನಕ್ಕನ ಹಿತ್ತಲಿನ ಬಾಳೆ, ಬಸಳೆ, ಒಣಹಾಕಿದ ಸೀರೆ ಎಲ್ಲದರ ಮೇಲೂ ಕೆಂಪು ಧೂಳು. ಆಕೆ ಬಸಳೆ ಎಲೆಗಳನ್ನು ಒಂದೊಂದಾಗಿ ಕೊಡದ ನೀರಿನಲ್ಲಿ ತೊಳೆಯುತ್ತ ಕೂತಿದ್ದರು. ಮಣ್ಣಿನ ಗೋಡೆಯ ಮೇಲೆ, ಸೂರಿನ ಅಡಿಯಲ್ಲಿ, ನಾನು ಈಗ ಎಲ್ಲಿ ಕಂಡರೂ ಗುರುತಿಸಬಲ್ಲ ಆ ತಟ್ಟುಗಳು ಸಾಲಾಗಿದ್ದವು. ಬಂದ ಕಾರಣ ಹೇಳಿದೆ. ಹೊನ್ನಕ್ಕ ಎಲೆ ತೊಳೆಯುವುದನ್ನು ನಿಲ್ಲಿಸಲಿಲ್ಲ.

“ಲಕ್ಷ್ಮಿ ಕಳಿಸಿದ್ಲಾ ನಿನ್ನ?” ಎಂದರು, ಅತ್ತೆಯ ಹೆಸರು ಹಿಡಿದು.

“ಇಲ್ಲ. ನಾನಾಗಿಯೇ ಬಂದೆ.”

“ಹಾಂಗಾದ್ರೆ ಹೋಗಿ ಬಾ ತಮ್ಮಾ. ಚಾ ಕುಡಿದು ಹೋಗು. ಬೀಜ ಬಂದು ಕೇಳ್ದೋರಿಗೆ ಕೊಡ್ತೆ. ಆಳು ಕಳಿಸ್ದೋರಿಗೂ ಕೊಡೂದಿಲ್ಲ, ಅಳಿಯನ ಕಳಿಸ್ದೋರಿಗೂ ಕೊಡೂದಿಲ್ಲ.”

ಮನೆಗೆ ಬಂದು ಇದನ್ನು ಇದ್ದದ್ದು ಇದ್ದ ಹಾಗೆ ವರದಿ ಮಾಡಿದೆ. ಅತ್ತೆ ಬೆಕ್ಕಿಗೆ ಹೇಳಿದರು: “ಅವಳ ಬಾಗಿಲಿಗೆ ಹೋಗೂದಕ್ಕಿಂತ ಗಣಪಗೆ ಬರೀ ತೆಂಗಿನಕಾಯಿ ಕಟ್ಟೂದೇ ಲಾಯ್ಕು.” ಬೆಕ್ಕು ಒಪ್ಪಿಗೆ ಸೂಚಿಸಿತು. ಶೈಲಾ ಒಂದು ಸಲ, “ಆಯೀ, ಆ ಬೇಲಿ ಈಗ ಎಲ್ಲಿ ಅದೆ?” ಎಂದು ಮೆಲ್ಲಗೆ ಕೇಳಿದಳು. ಅತ್ತೆ ಎದ್ದು ಬೆಕ್ಕಿಗೆ ಮೀನಿನ ತಲೆ ಹಾಕಲು ಹೋದರು.

ಜೂನ್ ಬಂತು. ಕಡಲ ಕಡೆಯಿಂದ ಮೋಡ ಎದ್ದು ಮೊದಲ ಮಳೆ ಹಂಚಿನ ಮೇಲೆ ಬಿತ್ತು. ಓಣಿಯ ಹೆಂಗಸರೆಲ್ಲ ಮರುದಿನ ಬೆಳಿಗ್ಗೆ ಹಿತ್ತಲಿಗಿಳಿದು ಗುಳಿ ತೋಡುತ್ತಿದ್ದರು. ಅತ್ತೆಯೂ ಎಂದಿನ ಜಾಗದಲ್ಲಿ ಮಣ್ಣು ಏರಿಸಿ, ಬೂದಿ ಗೊಬ್ಬರ ಹಾಕಿ ಪಾತಿ ಸಿದ್ಧ ಮಾಡಿದರು. ಮಾಡಿದ ಮೇಲೆ ಅಭ್ಯಾಸದಂತೆ ಕೈ ಗೋಡೆಯ ಕಡೆ ಹೋಯಿತು. ಅರ್ಧದಲ್ಲೇ ನಿಂತಿತು. ಅವರು ಖಾಲಿ ಪಾತಿಯ ಎದುರು ಮಳೆಹನಿಗೆ ಕೈಯೊಡ್ಡಿ ಮಣ್ಣು ತೊಳೆದುಕೊಂಡರು. ನಾನು ಹಲ್ಲುಜ್ಜುವುದನ್ನು ನಿಲ್ಲಿಸಿ ಒಳಗೆ ಬರುವಷ್ಟರಲ್ಲಿ ಹಿಂದಿನಿಂದ ಗೋಡೆಗೆ ಹೇಳಿದ ಮಾತು ಕೇಳಿತು: “ಸ್ಕೂಟರಿಗೆ ಪೆಟ್ರೋಲ್ ಅದ್ಯಾ?”

ದಾರಿಯುದ್ದಕ್ಕೂ ಅತ್ತೆ ಕೊಡೆಯನ್ನು ನನ್ನ ಬೆನ್ನಿಗೆ ಒತ್ತಿ ಹಿಡಿದು ಕೂತಿದ್ದರು. ಕಾಂಪೌಂಡಿನ ಪಕ್ಕ ಹೋಗುವಾಗ ಆ ಒತ್ತಡ ಹೆಚ್ಚಾಯಿತು. ಬೇಲೆಕೇರಿಯಲ್ಲಿ ಏನಾಗಬಹುದು ಎಂದು ನನ್ನ ಮನಸ್ಸು ಆಗಲೇ ವರದಿ ಬರೆಯುತ್ತಿತ್ತು: ಇಬ್ಬರು ಮುದುಕಿಯರು, ವರ್ಷಗಳ ಬಳಿಕ ಭೇಟಿ, ಅಪ್ಪುಗೆ, ಕಣ್ಣೀರು. ಒಳ್ಳೆಯ ಮುಖಪುಟದ ಬಾಕ್ಸ್ ಐಟಂ. ಆದದ್ದು ಬೇರೆ. ಹೊನ್ನಕ್ಕ ಬಾಗಿಲಲ್ಲಿ ನಿಂತು ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಬಂದ್ಯಾ? ಮುಪ್ಪಾದೆ,” ಎಂದರು.

“ನೀನೆಂತ ಮದುಮಗಳ ಹಾಂಗೆ ಇದ್ಯಾ?” ಎಂದರು ಅತ್ತೆ, ಚಪ್ಪಲಿ ಬಿಡುತ್ತ. “ಬೀಜ ಕೊಡು. ನನ್ನ ಬೀಜ.”

“ನಿನ್ನದಾ! ಕಾಯಿ ಬಿದ್ದದ್ದು ನನ್ನ ಬದಿಗೆ.”

“ಬಳ್ಳಿ ಬುಡ ಎಲ್ಲಿತ್ತು?”

“ಬುಡಕ್ಕೆ ಗೊಬ್ಬರ ಹಾಕ್ದದ್ದು ನನ್ನ ಕೋಳಿ!”

“ಗೊಬ್ಬರ ಹಾಕ್ತಾ? ಕೆದಕಿ ಕೆದಕಿ ನನ್ನ ಅರ್ಧ ಮೊಳಕೆ ನುಂಗ್ತು. ಆ ಬಿಳೀ ಹುಂಜ, ಒಂದು ಕಣ್ಣು ಕುರುಡು…”

“ಕುರುಡಾದ್ದು ಯಾರ ಕಲ್ಲಿಂದ? ಹೇಳು. ಆ ಬಾವಿ ಕಟ್ಟೆ ಹಿಂದೆ ನಿಂತು ಹೊಡ್ದೆ.”

“ಬಾವಿ ಕಟ್ಟೆ ಹಿಂದೆ ಅಲ್ಲ. ಹೊನ್ನೆ ಮರದ ಅಡಿ.”

“ಹೊನ್ನೆ ಮರ ಆ ಬದಿಗೆ ಎಲ್ಲಿತ್ತೇ? ಅದು ದೇವರ ಕಲ್ಲಿನ ಹತ್ರ.”

“ದೇವರ ಕಲ್ಲಿನ ಹತ್ರ ಇದ್ದದ್ದು ಸುರಗಿ!”

ಮಳೆ ಹಂಚಿನಿಂದ ಇಳಿಯುತ್ತಿತ್ತು. ನಾನು ಜಗಲಿಯ ತುದಿಯಲ್ಲಿ ಚಾ ಹಿಡಿದು ಕೂತಿದ್ದೆ. ಇಬ್ಬರೂ ಎದುರುಬದುರು ಕಾಲು ಚಾಚಿ ಕೂತು, ಏರಿದ ದನಿಯಲ್ಲಿ, ಮನೆಯಿಂದ ಬಾವಿಗೆ, ಬಾವಿಯಿಂದ ಗದ್ದೆಯ ಬದುವಿಗೆ, ಬದುವಿನಿಂದ ಕಡಲ ದಂಡೆಗೆ ಜಗಳವಾಡುತ್ತ ಹೋದರು. ಯಾರ ಮನೆಯ ಹಿಂದೆ ಯಾವ ಮರ, ಯಾವ ಮರದ ಅಡಿ ಯಾರು ಬಿದ್ದದ್ದು, ಯಾರ ಹೆರಿಗೆಯ ದಿನ ಯಾರ ಮನೆಯ ದೋಣಿ ಬಂದದ್ದು. ಒಬ್ಬರು ತಪ್ಪು ಹೇಳಿದ್ದನ್ನು ಇನ್ನೊಬ್ಬರು ಬಿಡುತ್ತಿರಲಿಲ್ಲ. ಆ ಊರಿನ ಬಗ್ಗೆ ನಾನು ಬರೆದಿದ್ದ ಸುದ್ದಿಗಳಲ್ಲಿ ಒಂದರಲ್ಲೂ ಸುರಗಿ ಮರ ಇರಲಿಲ್ಲ. ಅವತ್ತು ಆ ಜಗಲಿಯ ಮೇಲೆ ನಾನು ಆ ಊರನ್ನು ಮೊದಲ ಸಲ ನೋಡಿದೆ. ಹೊರಡುವಾಗ ಹೊನ್ನಕ್ಕ ಗೋಡೆಯಿಂದ ದೊಡ್ಡ ತಟ್ಟನ್ನೇ ಕಿತ್ತು ಅತ್ತೆಯ ಮಡಿಲಿಗೆ ಹಾಕಿ, “ಹುಂಜನ ಕಣ್ಣಿಗೆ ಆಯ್ತು ನೋಡು ಇದು,” ಎಂದರು. ಅದು ಲೆಕ್ಕದಲ್ಲಿ ಹೇಗೆ ಸರಿಹೋಗುತ್ತದೆ ಎಂದು ನನಗೆ ಇಂದಿಗೂ ತಿಳಿದಿಲ್ಲ. ಅತ್ತೆಗೆ ತಿಳಿದಿತ್ತು, ಮಡಿಲನ್ನು ಬಿಗಿಯಾಗಿ ಕಟ್ಟಿಕೊಂಡರು.

ಬಿತ್ತಿದ ಬೀಜ ಹುಟ್ಟಿತು, ಹರಿದ ಮೀನುಬಲೆ ಹಿಡಿದು ಹಬ್ಬಿತು. ಹಳದಿ ಟಯರುಗಳ ಮೇಲೆ, ಬಾಟಲಿಗಳ ಮೇಲೆ ಬಳ್ಳಿ ಹಾದು ನನ್ನ ಅಲಂಕಾರವನ್ನೆಲ್ಲ ಒಂದೇ ತಿಂಗಳಲ್ಲಿ ಮುಚ್ಚಿತು. ಮೊದಲ ಮಿಡಿ ಕಂಡ ದಿನ ನಾನು ಸಂಭ್ರಮದಿಂದ, “ಅದೋ ಅಲ್ಲಿ!” ಎಂದು ಬೆರಳು ಚಾಚಿದೆ. ಅತ್ತೆ ನನ್ನ ಕೈಯನ್ನು ಪಟ್ಟನೆ ಹೊಡೆದು ಕೆಳಗಿಳಿಸಿದರು. “ಮಿಡಿಗೆ ಬೆರಳು ತೋರ್ಸ್ರೆ ಕೊಳೀತದೆ. ತೋರ್ಸೂದಾದ್ರೆ ಬೆರಳು ಮಡ್ಚಿ ತೋರ್ಸಿ.” ಎಷ್ಟೋ ವಾರಗಳ ನಂತರ ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು. ಹೊಡೆತ ತಿಂದ ಕೈ ನೋಯುತ್ತಿದ್ದರೂ ಮನಸ್ಸಿಗೆ ಹಿತವಾಯಿತು. ಮಡಚಿದ ಬೆರಳಿನಲ್ಲಿ ಓಣಿಯವರಿಗೆಲ್ಲ ತೋರಿಸುತ್ತ ತಿರುಗಿದೆ.

ಚೌತಿಯ ದಿನ ಫಲಾವಳಿಯ ನಡುವೆ, ತೆಂಗಿನಕಾಯಿ, ಹೀರೆ, ಹಾಗಲ, ಅಡಿಕೆ ಗೊನೆಗಳ ಮಧ್ಯೆ, ಊರಿನ ಮೊಗೆಕಾಯಿ ತೂಗಿತು. ನಾನು ಅವತ್ತು ಆರತಿ ಮುಗಿದ ಮೇಲೂ ನಿಂತು ಮೇಲೆ ನೋಡಿದೆ. ಹೊನ್ನಕ್ಕ ಮೊಮ್ಮಗನ ಬೈಕಿನಲ್ಲಿ ಗಣಪತಿ ನೋಡಲು ಬಂದರು. ಗಣಪತಿಗೆ ಕೈಮುಗಿಯುವ ಮೊದಲೇ ತಲೆಯೆತ್ತಿ, “ನಮ್ಮ ಕಾಯಿ ಚೆಂದ ಕಾಣ್ತದೆ,” ಎಂದರು. “ನಮ್ಮ ಬಳ್ಳೀದು,” ಎಂದರು ಅತ್ತೆ. ಕೂಡಲೇ ಇಬ್ಬರೂ ನನ್ನ ಕಡೆ ತಿರುಗಿ, ನೀವು ಪೇಪರಿನವರು, ನ್ಯಾಯ ಹೇಳಿ ಎಂದರು. ನಾನು ವೃತ್ತಿಧರ್ಮ ಬಿಡದೆ, ಎರಡೂ ಕಡೆಯ ವಾದದಲ್ಲಿ ಸತ್ಯಾಂಶವಿದೆ ಎಂದೆ. “ಇವ ಹೀಂಗೇ,” ಎಂದರು ಅತ್ತೆ. “ಕಾಣ್ತದೆ,” ಎಂದರು ಹೊನ್ನಕ್ಕ. ಅವರಿಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದನ್ನು ನಾನು ಕಂಡದ್ದು ಅಂದೇ.

ಫಲಾವಳಿ ಇಳಿಸಿದ ಮೇಲೆ ಕಾಯಿ ಇನ್ನಷ್ಟು ಹಣ್ಣಾಗಲು ಬಿಟ್ಟು, ಒಂದು ದಿನ ಅತ್ತೆ ಬೀಜ ತೆಗೆದು, ಬೂದಿ ಬೆರೆಸಿದ ಸಗಣಿಯಲ್ಲಿ ಕಲಸಿ, ಹಳೆಯ ಜಾಗದಲ್ಲೇ ಗೋಡೆಗೆ ಬಡಿದರು. ತಟ್ಟು ಒಂದು ಕ್ಷಣ ನಿಂತು, ಮೆಲ್ಲಗೆ ಜಾರಿ, ಥಪ್ಪೆಂದು ನೆಲಕ್ಕೆ ಬಿತ್ತು. ಮತ್ತೆ ಬಡಿದರು, ಮತ್ತೆ ಬಿತ್ತು. ಡಿಸ್ಟೆಂಪರ್ ಹೊಡೆದ ಗೋಡೆ ಏನನ್ನೂ ಹಿಡಿಯುವುದಿಲ್ಲ. ನಾನು ಗಾಜಿನ ಬಾಟಲಿ ತಂದೆ, ಪ್ಲಾಸ್ಟಿಕ್ ಡಬ್ಬಿ ತಂದೆ, ನನ್ನ ಆಫೀಸಿನ ಬೀರುವಿನಲ್ಲಿ ಬೀಗ ಹಾಕಿ ಇಡುತ್ತೇನೆ ಎಂದೆ. ಅತ್ತೆ ಬಿದ್ದ ತಟ್ಟನ್ನು ಎತ್ತಿ ಬಾಳೆ ಎಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, “ಬೇಡ. ಬೇಲೆಕೇರಿಗೆ ಕೊಟ್ಟು ಬನ್ನಿ. ಅವಳ ಗೋಡೆ ಮೇಲೆ ಇರ್ಲಿ,” ಎಂದರು. ಸ್ಕೂಟರ್ ಹತ್ತುವಾಗ ಒಂದು ಮಾತು ಸೇರಿಸಿದರು: “ದಾರೀಲಿ ಬಿಚ್ಚಿ ನೋಡೂಕೆ ಹೋಗಬೇಡಿ.”

ಅಂದಿನಿಂದ ನಾನು ಕಾರವಾರದಲ್ಲಿ ಇದ್ದಷ್ಟು ವರ್ಷವೂ ಅದೇ ನಡೆಯಿತು. ಚೌತಿ ಕಳೆದ ಮೇಲೆ ಬೀಜ ಬೇಲೆಕೇರಿಗೆ, ಮಳೆಗೆ ಮುನ್ನ ಬೇಲೆಕೇರಿಯಿಂದ ಕಾರವಾರಕ್ಕೆ. ಆಮೇಲಾಮೇಲೆ ಬಾಳೆ ಎಲೆಯ ಪೊಟ್ಟಣಕ್ಕೆ ದಾರ ಕಟ್ಟಿ, ದಾರಕ್ಕೆ ಎರಡು ಗಂಟು ಹಾಕುತ್ತಿದ್ದರು. ತಲುಪಿದ ಮೇಲೆ ಹೊನ್ನಕ್ಕ ಮೊದಲು ಗಂಟು ನೋಡಿ, ಆಮೇಲೆ ನನಗೆ ಚಾ ಕೊಡುತ್ತಿದ್ದರು. ಆ ಜಿಲ್ಲೆಯ ಎಷ್ಟೋ ದೊಡ್ಡ ಮನುಷ್ಯರು ಬಾಗಿಲು ಹಾಕಿಕೊಂಡು, ‘ಇದನ್ನು ಬರೆಯಬೇಡಿ, ನಿಮ್ಮಲ್ಲೇ ಇರಲಿ’ ಎಂದು ನನ್ನಲ್ಲಿ ಹೇಳಿಕೊಂಡ ಸಂಗತಿಗಳಿವೆ. ಅವು ಹೊರಬಿದ್ದಿದ್ದರೆ ಕೆಲವರ ಕುರ್ಚಿ ಹೋಗುತ್ತಿತ್ತು. ಇಂದಿಗೂ ಒಂದನ್ನೂ ನಾನು ಬಾಯಿಬಿಟ್ಟಿಲ್ಲ. ಅವರೆಲ್ಲ ನನ್ನನ್ನು ನಂಬಿದ್ದರು. ಒಂದು ಹಿಡಿ ಮೊಗೆಬೀಜದ ವಿಷಯದಲ್ಲಿ ಮಾತ್ರ ಆ ಇಬ್ಬರು ಹೆಂಗಸರು ನನ್ನನ್ನು ಕೊನೆಯ ತನಕ ನಂಬಲಿಲ್ಲ. ಜಿಲ್ಲೆಯಲ್ಲಿ ನನ್ನನ್ನು ಸರಿಯಾಗಿ ಅಂದಾಜು ಮಾಡಿದ್ದವರು ಯಾರು ಎಂದು ಕೇಳಿದರೆ, ಈ ಸಲ ಎರಡೂ ಕಡೆ ಸತ್ಯಾಂಶವಿದೆ ಎಂದು ನಾನು ಹೇಳುವುದಿಲ್ಲ.